ಎಂಜಿನ್ನಿಗೆ ನನ್ನ ಬಾಯಿ

ನನಗೆ ದೋಣಿಯ ಎಂಜಿನ್ ರಿಪೇರಿ ಬರುವುದಿಲ್ಲ. ಅದರ ಹಾಗೆ ಕೂಗಲು ಬರುತ್ತದೆ. ಕದ್ರಿಯ ಮದುವೆಯಿಂದ ಶಕ್ತಿನಗರದ ನಾಮಕರಣದವರೆಗೆ ಬಸ್ಸು, ಮಿಕ್ಸಿ, ಚಿಕ್ಕಪ್ಪನ ಗೊರಕೆ ಎಲ್ಲವನ್ನೂ ಬಾಯಲ್ಲೇ ಮಾಡಿ ತೋರಿಸಿದವನು ನಾನು. ನನ್ನ ಗೊರಕೆಯನ್ನು ಮಾತ್ರ ಬೇರೆಯವರು ಮಾಡಿ ತೋರಿಸಬೇಕಾಯಿತು. ‘ಧಗಧಗ’, ‘ಪಟಪಟ’ಗಳಿಗೆ ಅನುಕರಣಾವ್ಯಯ ಎಂಬ ಹೆಸರಿದೆಯೆಂದು ಶಾಲೆಯಲ್ಲಿ ಕೇಳಿದ ದಿನ, ನನ್ನ ಕಪಿಚೇಷ್ಟೆಗೂ ವ್ಯಾಕರಣದಲ್ಲಿ ಒಂದು ಮಣೆ ಹಾಕಿದ್ದಾರಲ್ಲ ಎಂದು ಹಿಗ್ಗಿದ್ದೆ. ಆದರೆ ಅದು ಉಪಯೋಗಕ್ಕೆ ಬಂದೀತೆಂದು ಅಮ್ಮನ ತಮ್ಮ ರಘು ಮಾವ ನಂಬಿರಲೇ ಇಲ್ಲ.

ಮಾವ ಇಪ್ಪತ್ತೆರಡು ವರ್ಷ ಬೇರೆಯವರ ದೋಣಿಯಲ್ಲಿ ಬಲೆ ಎಳೆದವರು. ಈಗ ಹಳೆಯದಾದರೂ ಸರಿ, ಸ್ವಂತದ್ದೊಂದು ಬೇಕೆಂದು ಹೊರಟಿದ್ದರು. ದೋಣಿಗಳು ನಿಲ್ಲುವ ದಕ್ಕೆಯಲ್ಲಿ ವಾಸಣ್ಣನ ಫೈಬರ್ ದೋಣಿ ಮಾರಾಟಕ್ಕಿತ್ತು. ಹೋದ ಕೂಡಲೇ ಮಾವ, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ, ಎಂಜಿನ್ನಿನ ಮೇಲೆ ಅಂಗೈ ಇಟ್ಟರು. ಮೊದಲೇ ಓಡಿಸಿ ಬಿಸಿಮಾಡಿಟ್ಟರೆ ಎಂಥ ಮುದಿ ಎಂಜಿನ್ನೂ ಹಗ್ಗದ ಒಂದೇ ಎಳೆತಕ್ಕೆ ಏಳುತ್ತದಂತೆ. ತಣ್ಣಗಿದ್ದು ಎದ್ದರೆ ಮಾತ್ರ ಆರೋಗ್ಯ. ಈ ಪರೀಕ್ಷೆಯಲ್ಲಿ ನಾನು ದಿನಾ ಬೆಳಿಗ್ಗೆ ಫೇಲು. ಇದು ತಣ್ಣಗಿತ್ತು, ಮೂರನೇ ಎಳೆತಕ್ಕೆ ಎದ್ದಿತು. ಎಂಜಿನ್ ತಂಪಾಗಿಡುವ ನೀರೂ ಬದಿಯ ತೂತಿನಿಂದ ಚಿರ್ರೆಂದು ಹಾರಿತು.

ಆದರೆ ಎಂಜಿನ್ ನೋಡಿ ಹೇಳಲು ಬರಬೇಕಿದ್ದ ಮೆಕ್ಯಾನಿಕ್ ಲಾರೆನ್ಸಣ್ಣ ನಂತೂರಿನಲ್ಲಿ ಲಾರಿಗಳ ನಡುವೆ ಸಿಕ್ಕಿಬಿದ್ದಿದ್ದರು. ವಾಸಣ್ಣನೋ, “ಇನ್ನೊಂದು ಪಾರ್ಟಿ ದಾರಿಯಲ್ಲಿ ಉಂಟು, ಬೇಗ ಹೇಳಿ ಮಾರಾಯ್ರೆ” ಎನ್ನುತ್ತಿದ್ದ. ಫೋನನ್ನು ಎಂಜಿನ್ನಿಗೆ ಹಿಡಿದೆವು. “ಎಂತ ಸಾವೂ ಕೇಳುವುದಿಲ್ಲ” ಎಂದರು ಲಾರೆನ್ಸಣ್ಣ. ಈಗಿನ ಫೋನುಗಳು ಬಹಳ ಸಭ್ಯ. ಎಂಜಿನ್ ಸದ್ದನ್ನು ಗಲಾಟೆಯೆಂದು ಒರೆಸಿಹಾಕಿ, ಮನುಷ್ಯನ ಗಲಾಟೆಯನ್ನು ಮಾತ್ರ ದಾಟಿಸುತ್ತವೆ.

ನಾನು ಫೋನನ್ನು ಬಾಯಿಗೆ ಹಿಡಿದು ಗಂಟಲು ಸರಿಮಾಡಿಕೊಂಡೆ. “ಡುಗುಡುಗುಡುಗು ಟಕ್! ಡುಗುಡುಗುಡುಗು ಟಕ್!” ಬಲೆ ಹೆಣೆಯುತ್ತಿದ್ದವರೆಲ್ಲ ತಲೆಯೆತ್ತಿದರು. ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು.

“ಆ ಟಕ್ ಉಂಟಲ್ಲ, ಅದು ಬೇರಿಂಗ್ ಹೋದದ್ದು,” ಎಂದರು ಲಾರೆನ್ಸಣ್ಣ. “ಬೇಡ ಹೇಳು ಮಾವನಿಗೆ.”

ಮಾವ ದೋಣಿಯ ಅಂಚಿನ ಮೇಲಿದ್ದ ಕೈಯನ್ನು ಮೆಲ್ಲನೆ ತೆಗೆದುಕೊಂಡರು, ಅಷ್ಟೆ. ಬೈದಿದ್ದರೆ ಅವರನ್ನೂ ಅಣಕಿಸಿ ಬಿಡುತ್ತಿದ್ದೆ. ಆ ಕೈಯನ್ನು ಅಣಕಿಸುವುದು ಹೇಗೆ?

“ಮಾವ, ಟಕ್ ಎಂಜಿನ್ನಿದ್ದಲ್ಲ. ನನ್ನದು.”

“ಎಂತ?”

“ಚಂದಕ್ಕೆ ಹಾಕಿದ್ದು.”

ಮಾವ ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಆ ಶಬ್ದಗಳಿಗೆ ವ್ಯಾಕರಣದಲ್ಲಿ ಮಣೆ ಇಲ್ಲ. ಆದರೆ ಸತ್ಯ ಇದು: ಒಗ್ಗರಣೆ ಹಾಕದೆ ನಾನು ಯಾರನ್ನೂ ಅನುಕರಿಸಿದ್ದಿಲ್ಲ. ಜನ ನಗುವುದೂ ಒಗ್ಗರಣೆಗೇ. ಈಗ ಮೊದಲ ಬಾರಿಗೆ ಕಣ್ಣು ಮುಚ್ಚಿ, ಎಂಜಿನ್ ಹೇಳುವುದನ್ನಷ್ಟೇ ಕೇಳಿದೆ. ಆಗ ಸಿಕ್ಕಿತು, ನಡುವೆ ಎಲ್ಲೋ ಒಂದು ‘ಡು’ ನುಂಗಿಹೋಗುತ್ತಿತ್ತು. ಫೋನಿನಲ್ಲಿ ಅದನ್ನು ನಾನೂ ಹಾಗೆಯೇ ನುಂಗಿ ತೋರಿಸಿದೆ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

“ಪ್ಲಗ್ ಮಾರಾಯ! ಬದಲಿಸಿದರೆ ಆಯ್ತು. ತಗೊಳ್ಳಲಿಕ್ಕೆ ಹೇಳು” ಎಂದರು ಲಾರೆನ್ಸಣ್ಣ. ವಾಸಣ್ಣ ಬೇರೆ ಪ್ಲಗ್ ಹುಡುಕಿ ತಂದು ಹಾಕಿದ. ನುಂಗಿದ ‘ಡು’ ಮರಳಿ ಬಂತು.

ಸಂಜೆ ಮಾವ ತಮ್ಮದೇ ದೋಣಿಯಲ್ಲಿ, ನನ್ನನ್ನು ಎದುರಿಗೆ ಕೂರಿಸಿಕೊಂಡು, ನದಿಗಿಳಿದರು. ಎಂಜಿನ್ ಎಷ್ಟು ಚೆನ್ನಾಗಿ ಮಾತಾಡುತ್ತಿತ್ತೆಂದರೆ ನಡುವೆ ಬಾಯಿ ಹಾಕಲು ಮನಸ್ಸಾಗಲಿಲ್ಲ. ಸುಮ್ಮನೆ ಕೇಳುತ್ತಾ ಕುಳಿತೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಾವ ಗಾಬರಿಯಾಗಿ ಎಂಜಿನ್ ಆಫ್ ಮಾಡಿ, ನನ್ನ ಹಣೆಯ ಮೇಲೆ ಅಂಗೈ ಇಟ್ಟರು.

“ಎಂತ ಮಾರಾಯ, ಸದ್ದೇ ಇಲ್ಲ! ನಿನ್ನದೆಂತ ಹಾಳಾಯ್ತು?”