ಆಯುಧಪೂಜೆಯ ರಿವಾಲ್ವರಿಗೆ ವಯಸ್ಸೆಷ್ಟು?

ಆಲ್ದೂರಿನ ಬಸ್‌ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ ಇಳಿದರೆ ವಿಶಾಲಾಕ್ಷಮ್ಮನ ಕೋವಿ ರಿಪೇರಿ ಅಂಗಡಿ. ಗಂಡ ಚನ್ನಬಸವ ತೀರಿಕೊಂಡ ಮೇಲೆ ಆಕೆ ಅರ ಹಿಡಿದು ಕೂತಾಗ ಮೂಗು ಮುರಿದವರೆಲ್ಲ ಈಗ ಹಂದಿ, ಮಂಗನ ಕಾಟ ಶುರುವಾದರೆ ಸಾಕು, ಕೋವಿ ಹೊತ್ತು ಆಕೆಯ ಮುಂದೆಯೇ ಸಾಲು ನಿಲ್ಲುತ್ತಾರೆ. ಹದಿನೆಂಟು ವರ್ಷವಾಯಿತು. ಲೈಸೆನ್ಸಿನ ಜೆರಾಕ್ಸ್ ಇಲ್ಲದೆ ಒಂದು ಸ್ಕ್ರೂ ಬಿಚ್ಚಿದವಳಲ್ಲ. ಅಂಥವಳಿಗೆ ದೇವರು ಹುಡುಕಿ ಹುಡುಕಿ ಕೊಟ್ಟ ಅಳಿಯ ಹಾಲೇಶ್.

ಹಾಲೇಶನದು ವಸ್ತಾರೆ ಹತ್ತಿರ ಒಂದು ಹೋಂಸ್ಟೇ. ಮಂಗಳವಾರ ಮಧ್ಯಾಹ್ನ ಟವೆಲ್ಲಿನಲ್ಲಿ ಸುತ್ತಿದ ಗಂಟೊಂದನ್ನು ತಂದು ಬೆಂಚಿನ ಮೇಲಿಟ್ಟು ಬಿಚ್ಚಿದ. ಒಳಗೆ ರಿವಾಲ್ವರು!

"ಆ್ಯಂಟಿಕ್ಕು ಅತ್ತೆ. ಮೂಡಿಗೆರೆ ಕಡೆ ಎಸ್ಟೇಟಿನ ಶಂಕರಣ್ಣ ಮಾರ್ತಿದಾರೆ. ಅವರ ಮುತ್ತಜ್ಜನಿಗೆ ಇಂಗ್ಲಿಷ್ ದೊರೆ ಕೊಟ್ಟಿದ್ದಂತೆ, ಸಾವಿರದ ಎಂಟುನೂರ ಐವತ್ತರದ್ದು. ಹಾಲ್‌ನಲ್ಲಿ ತೂಗುಹಾಕ್ತೀನಿ. ನೀವು ಹೌದು ಅಂದ್ರೆ ನಾಳೆನೇ ತಗೊಂಡ್ಬಿಡೋದು."

"ಲೈಸೆನ್ಸ್ ಎಲ್ಲಿ?"

"ಆ್ಯಂಟಿಕ್ಕಿಗೆ ಎಂಥ ಲೈಸೆನ್ಸು ಅತ್ತೆ!"

ಮಗಳನ್ನು ಕೊಟ್ಟ ಮೇಲೆ ಅಳಿಯಂದಿರನ್ನು ಬೈಯುವ ಹಾಗಿಲ್ಲ. ಇಲ್ಲದಿದ್ದರೆ ಈ ಹೊತ್ತಿಗೆ ಅವನ ಚಳಿ ಬಿಡಿಸಿರುತ್ತಿದ್ದಳು. ಗುಂಡು ಹಾರುವ ರಿವಾಲ್ವರನ್ನು ಕಾಗದ ಪತ್ರ ಇಲ್ಲದೆ ಗೋಡೆಗೆ ನೇತುಹಾಕಿದರೆ ಇವನು ಜೈಲಿಗೆ, ಮಗಳು ಶಿಲ್ಪಾ ಕೋರ್ಟಿಗೆ, ತನ್ನ ಅಂಗಡಿಗೆ ಬೀಗ. ಹಳೆಯದು ಹೌದೋ ಅಲ್ಲವೋ ಅನ್ನುವ ತನ್ನ ಒಂದು ಮಾತಿನ ಮೇಲೆ ಇಷ್ಟೆಲ್ಲ ನಿಂತಿದೆ, ಈ ಮಹಾನುಭಾವ ನೋಡಿದರೆ ಹಲ್ಲು ಕಿರಿಯುತ್ತಿದ್ದಾನೆ.

"ಖಾಲಿ ಇದೆಯಾ?"

"ಖಾಲಿನೇ ಅತ್ತೆ. ಶಂಕರಣ್ಣ ಹೇಳಿದ್ರು."

ಶಂಕರಣ್ಣ ಹೇಳಿದರೆ ಆಯಿತಾ? ಆಕೆ ಅದರ ಬಾಯನ್ನು ಮೂಲೆಯ ಮರಳಿನ ಚೀಲಕ್ಕೆ ತಿರುಗಿಸಿಟ್ಟು, ಕನ್ನಡಕ ಏರಿಸಿ, ನಳಿಗೆಯ ಮೇಲೆ ಬೆರಳಾಡಿಸಿದಳು. ಏನೂ ಇಲ್ಲ. ಮಗ್ಗುಲಲ್ಲೂ ಇಲ್ಲ. ಕಂಪನಿ ಹೆಸರು, ನಂಬರು, ಮುದ್ರೆ, ಎಲ್ಲ ಸವೆದು ನುಣ್ಣಗಾಗಿದೆ.

"ಯಾರ್ರೀ ಇದನ್ನ ಹೀಗೆ ಉಜ್ಜಿದ್ದು?"

"ಆಯುಧಪೂಜೆ ಅತ್ತೆ! ವರ್ಷ ವರ್ಷ ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ಉಜ್ಜಿ, ಗಂಧ ಕುಂಕುಮ ಹಚ್ಚೋದಂತೆ. ಹೆಂಗೆ ಫಳಫಳ ಅಂತಿದೆ ನೋಡಿ!"

ವಿಶಾಲಾಕ್ಷಮ್ಮ ಹಣೆ ಚಚ್ಚಿಕೊಂಡಳು. ಕೋವಿಯ ಜಾತಕ ಇರುವುದೇ ಆ ಮುದ್ರೆಗಳಲ್ಲಿ. ಭಕ್ತಿ ಉಕ್ಕಿ ಜಾತಕವನ್ನೇ ತೊಳೆದು ಬಚ್ಚಲಿಗೆ ಬಿಟ್ಟಿದ್ದಾರೆ ಪುಣ್ಯಾತ್ಮರು! ಸಾಲದ್ದಕ್ಕೆ ಗುಂಡು ತುಂಬುವ ಉರುಳೆಯ ತೂತುಗಳಿಗೆಲ್ಲ ಮುಂದಿನಿಂದ ಗಂಧ ಕುಂಕುಮ ಮೆತ್ತಿ, ಅದು ಒಣಗಿ, ಗಾರೆಯ ಹಾಗೆ ಕಚ್ಚಿಕೊಂಡಿದೆ. ಒಳಗೇನಿದೆ ಅಂತ ಬ್ಯಾಟರಿ ಬಿಟ್ಟರೂ ಕಾಣದು.

"ಐವತ್ತರದ್ದಂತೂ ಅಲ್ಲ. ಆ ಕಾಲದ್ದಕ್ಕೆ ಮುಂದಿನಿಂದ ಮದ್ದು ಜಡೀಬೇಕಿತ್ತು. ಇದು ನಡುವೆ ಮುರಿದು ತೋಟಾ ಹಾಕೋ ಜಾತಿ."

"ಹಂಗಾದ್ರೆ ಎಂಬತ್ತರದ್ದು ಅನ್ನಿ."

"ಸಂತೇಲಿ ಸೊಪ್ಪು ತಗೊಳ್ತಿದೀರಾ ಚೌಕಾಸಿ ಮಾಡೋಕೆ?"

"ಹೋಗ್ಲಿ ಬಿಡಿ, ನಿಮ್ಮ ಲೆಟರ್‌ಹೆಡ್ಡಲ್ಲಿ 'ಬಹಳ ಹಳೆಯದು' ಅಂತ ಬರ್ಕೊಡಿ. ಸಾಕು."

ಸಾಕಂತೆ! ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಇನ್ನು ಇವನ ಹತ್ತಿರ ಮಾತು ದಂಡ ಅಂತ ಆಕೆ ಕೀಲಿಗೆ ಎಣ್ಣೆ ಬಿಟ್ಟು, ಅರ್ಧ ಗಂಟೆ ನೆನೆಯಲು ಬಿಟ್ಟು, ಬಾಯಿ ಮರಳಿನತ್ತಲೇ ಇರುವಂತೆ ಹಿಡಿದು ಮೆಲ್ಲಗೆ ಅಮುಕಿದಳು. ಅಷ್ಟೂ ಹೊತ್ತು ಹಾಲೇಶ್ ಹೋಂಸ್ಟೇಗೆ ಬರುವ ಬೆಂಗಳೂರಿನವರು ಇದನ್ನು ನೋಡಿ ಹೇಗೆ ದಂಗಾಗುತ್ತಾರೆ ಅಂತ ಕೊರೆಯುತ್ತಲೇ ಇದ್ದ. ಕೊನೆಗೆ ಕೀಲು ಕಿರ್ರೆಂದು ಬಿಟ್ಟಿತು.

ಆರು ತೂತು. ಐದು ಖಾಲಿ. ಆರನೆಯದರಲ್ಲಿ ಹಿತ್ತಾಳೆಯ ತಳ ಹೊಳೆಯಿತು.

ವಿಶಾಲಾಕ್ಷಮ್ಮ ತೋಟಾವನ್ನು ಎರಡು ಬೆರಳಲ್ಲಿ ಈಚೆಗೆ ತೆಗೆದು, ಭೂತಗನ್ನಡಿ ಹಿಡಿದು ತಳ ನೋಡಿದಳು. ನಡುವಿನ ಕೇಪಿನ ಸುತ್ತ ಸಣ್ಣ ಅಕ್ಷರಗಳು, ಪಕ್ಕದಲ್ಲಿ ಎರಡು ಅಂಕಿ: ೪೩.

"ತಗೊಳ್ಳಿ, ಸಿಕ್ತು ನಿಮ್ಮ ವರ್ಷ. ಸಾವಿರದ ಒಂಬೈನೂರ ನಲವತ್ಮೂರು. ಯುದ್ಧದ ಕಾಲದ ತೋಟಾ. ಅದು ಅಳತೆಗೆ ಸರಿಯಾಗಿ ಕೂತಿದೆ ಅಂದ್ರೆ ರಿವಾಲ್ವರೂ ಆ ಕಾಲದ್ದೇ, ಮಿಲಿಟರಿಯವರದ್ದು. ಆಗ್ಲೂ ಹಾರ್ತಿತ್ತು, ಈಗ್ಲೂ ಹಾರತ್ತೆ. ಟ್ರಿಗರ್ ಎಳೆದ್ರೆ ಮುಂದೆ ಬರೋ ತೂತಲ್ಲೇ ಕೂತಿತ್ತು."

ಹಾಲೇಶ್ ಹಲ್ಲು ಕಿರಿಯಲಿಲ್ಲ. ಬೆಂಚಿನ ಅಂಚು ಹಿಡಿದುಕೊಂಡ.

"ಅತ್ತೆ... ಬೆಳಿಗ್ಗೆ ಫೋಟೋ ತೆಗೆದ್ವಿ. ಶಿಲ್ಪಾ ಕೈ ಮೇಲೆತ್ತಿ ನಿಂತಿದ್ಲು. ನಾನು ಅವಳ ಕಡೆ ಹಿಡ್ಕೊಂಡು ಎರಡು ಸಲ ಎಳೆದೆ. ಬಿಗಿಯಾಗಿತ್ತು, ಜಗ್ಗಲಿಲ್ಲ. ಅದನ್ನೂ ಸಡಿಲ ಮಾಡಿಸ್ಕೊಂಡು ಹೋಗೋಣ ಅಂತಲೇ ಇಲ್ಲಿಗೆ ತಂದಿದ್ದು."

ಆಕೆ ತೋಟಾವನ್ನು ಡಬ್ಬಿಗೆ ಹಾಕಿ, ರಿವಾಲ್ವರನ್ನು ಕಪಾಟಿನಲ್ಲಿಟ್ಟು ಬೀಗ ಜಡಿದು, ಸ್ಟೇಷನ್ನಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಆಮೇಲೆ ಮಗಳಿಗೆ ಮಾಡಿದಳು. ನಂಬರು ತಪ್ಪಿ ಮೊದಲ ಸಲ ಯಾರಿಗೋ ಹೋಯಿತು.

"ಶಿಲ್ಪಾ, ಊಟ ಆಯ್ತಾ?"

"ಗಂಟೆ ನಾಲ್ಕಾಯ್ತಲ್ಲಮ್ಮ! ಎಂಥ ವಿಷಯ? ಯಾಕೆ ದನಿ ಹಂಗಿದೆ?"

"ಏನಿಲ್ಲ. ಮಾತಾಡು. ಏನಾದ್ರೂ ಮಾತಾಡ್ತಿರು, ಕೇಳ್ತೀನಿ."