ದಿಣ್ಣೆಯ ಮೇಲಿನ ಸುರಹೊನ್ನೆ

ಅಕ್ಕಾ, ಆ ಛತ್ರದ ಅಂಗಳದಲ್ಲಿ ಕೊಳೆತುಹೋದ ಗಿಡಗಳನ್ನು ನೀನು ತಪ್ಪಾಗಿ ಆರಿಸಿರಲಿಲ್ಲ. ನಾನು ತಪ್ಪಾಗಿ ನೆಟ್ಟೆ. ನೀನು ಹೇಳಿದ್ದನ್ನು ಎರಡೂ ಕಿವಿಯಿಂದ ಕೇಳಿಸಿಕೊಂಡು, ಅರ್ಥವಾಗಿಯೂ, ಅದಕ್ಕೆ ಉಲ್ಟಾ ಮಾಡಿದೆ — ಆಮೇಲೆ ಎಲ್ಲವನ್ನೂ ನಿನ್ನ ತಲೆಗೆ ಕಟ್ಟಿದೆ. ನೀನು ಅದನ್ನು ಇವತ್ತಿನವರೆಗೂ ನಂಬಿಕೊಂಡಿದ್ದೀಯ. ಇಷ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು ನೋಡು, ನಿನ್ನ ತಮ್ಮನ ಯೋಗ್ಯತೆ ಇದು.

ಓದುವವರಿಗೆ ನೀನು ಯಾರೆಂದು ಗೊತ್ತಿಲ್ಲ. ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಕಡೆ ಹೊರಟರೆ, ಊರು ಮುಗಿಯುವಲ್ಲಿ ತಗಡಿನ ಗೇಟಿನ ಒಂದು ನರ್ಸರಿ ಸಿಗುತ್ತದೆ. ಅದು ನಮ್ಮಕ್ಕ ತಿಪ್ಪಮ್ಮನದು. ಅಲ್ಲಿ ಗಿಡ ಕೊಳ್ಳಲು ಹೋದವರು ಮೊದಲು ಬೈಸಿಕೊಳ್ಳಬೇಕಿತ್ತು. ಅಂಗಳ ಎಷ್ಟು ಅಗಲ, ಬಾವಿ ಇದೆಯೋ ಬೋರೋ, ಗಾಳಿ ಯಾವ ಕಡೆಯಿಂದ, ಮನೆಯಲ್ಲಿ ನೀರು ಹಾಕುವವರು ಯಾರು — ಇಷ್ಟೂ ಹೇಳಿದ ಮೇಲೂ ಅವಳಿಗೆ ಒಪ್ಪಿಗೆಯಾಗದಿದ್ದರೆ ಗಿಡ ಕೊಡುತ್ತಿರಲಿಲ್ಲ. ಸಣ್ಣ ಸೈಟಿನಲ್ಲಿ ಮನೆ ಕಟ್ಟಿದ ಒಬ್ಬರು ಬಾಗಿಲ ಮುಂದೆ ನೆಡಲು ಗುಲ್ಮೊಹರ್ ಬೇಕೆಂದು ಹಟ ಹಿಡಿದಾಗ, “ಯಾಕ್ರೀ, ಮನೆ ಗ್ವಾಡೆ ನಿಂತ್ಕಂಡಿರೋದು ಇಷ್ಟ ಇಲ್ವಾ?” ಎಂದು ಕೇಳಿ ಬರಿಗೈಯಲ್ಲಿ ಕಳಿಸಿದವಳು. ಭಾವ ನಗುತ್ತಿದ್ದರು: “ನಿಮ್ಮಕ್ಕ ಗಿಡ ಮಾರಲ್ಲ ಕಣಯ್ಯ, ಹೆಣ್ಣು ಕೊಟ್ಟಂಗೆ ಮನೆತನ ನೋಡಿ ಕೊಡ್ತಾಳೆ.”

ನಾನು ತೋಟ ಹಾಕಿಕೊಡುವ ಮೇಸ್ತ್ರಿ. ಗಿಡ ಅವಳದು, ಗುಂಡಿ ನನ್ನದು. ಹಾಗೆ ನಡೆದುಕೊಂಡು ಹೋಗುತ್ತಿದ್ದಾಗ ಕುಂದಾಪುರದ ಕಡೆಯ ಒಂದು ಮದುವೆ ಛತ್ರದ ಅಂಗಳಕ್ಕೆ ಮರ ಹಾಕುವ ಕೆಲಸ ಸಿಕ್ಕಿತು. ಬಯಲುಸೀಮೆಯ ಮೇಸ್ತ್ರಿಗೆ ಕಡಲ ತೀರದಲ್ಲಿ ಕೆಲಸ! ನಾನು ಆಗಲೇ ಕಾಲರ್ ಎತ್ತಿಕೊಂಡು ಓಡಾಡುತ್ತಿದ್ದೆ. ಅಕ್ಕ ಮಾತ್ರ, ಆ ಊರನ್ನು ಮಳೆಗಾಲದಲ್ಲಿ ಕಣ್ಣಾರೆ ನೋಡದೆ ಒಂದು ಕಡ್ಡಿಯನ್ನೂ ಆರಿಸುವುದಿಲ್ಲ ಎಂದಳು. ಸುರಿಯುವ ಮಳೆಯಲ್ಲಿ ಬಸ್ಸು ಹತ್ತಿ ಹೋಗಿ, ಛತ್ರದ ಸುತ್ತ ಕೊಡೆ ಹಿಡಿದು ತಿರುಗಿ, ಅಲ್ಲಿಯವರ ಹಿತ್ತಲುಗಳಲ್ಲಿ ಇಣುಕಿ, ಕೆಮ್ಮು ಅಂಟಿಸಿಕೊಂಡು ಬಂದಳು.

“ಅಲ್ಲಿ ಹಗ್ಗದ ಮ್ಯಾಲೆ ಹಾಕಿದ ಬಟ್ಟೆ ನಾಕು ದಿನ ಆದ್ರೂ ಒಣಗಲ್ಲ ಕಣೋ. ಮರದ ಎಲೇನೂ ಹಂಗೇ. ಅಂಥಾ ತೇವದಾಗೆ ಬದುಕೋದನ್ನೇ ಹುಡುಕ್ಬೇಕು,” ಎಂದಳು.

ನಾನು ಬೇವು ಎಂದೆ. ನಮ್ಮ ಕಡೆಯವನ ಬಾಯಲ್ಲಿ ಮತ್ತೇನು ಬರಬೇಕು? ಬೇವಿಗೆ ಒಣ ಕಾಲು ಬೇಕು, ಅಲ್ಲಿ ಅದು ಸೊರಗುತ್ತದೆ ಎಂದಳು. ಗುಲ್ಮೊಹರ್ ಬೇಡ, ಆ ಗಾಳಿ ಮಳೆಗೆ ಕೊಂಬೆ ಮುರಿದು ಮದುಮಕ್ಕಳ ಕಾರಿನ ಮೇಲೆ ಬಿದ್ದೀತು. ತೆಂಗು ಅವರಿಗೆ ಹೊಸದಲ್ಲ, ಜನ ನಿಲ್ಲುವ ಕಡೆ ಕಾಯಿ ಉದುರುವುದೂ ಬೇಡ. ಕಡಲ ಗಾಳಿ ಬೀಸುವ ಪಕ್ಕಕ್ಕೆ ಸುರಹೊನ್ನೆ — ಉಪ್ಪು ಗಾಳಿಗೆ ಅದು ಹೆದರುವುದಿಲ್ಲ. ಊಟದ ಮನೆಯ ಕಡೆಗೆ ರಂಜೆ, ದಟ್ಟ ನೆರಳು, ವರ್ಷವಿಡೀ ಹಸಿರು. ಹೆಂಗಸರು ಬರುವ ಗೇಟಿನ ಬಳಿ ಸಂಪಿಗೆ. ಇದನ್ನೆಲ್ಲ ಹೇಳುವಾಗ ಅವಳ ಮುಖ ನೋಡಬೇಕಿತ್ತು. ಸ್ವಂತ ಮಗಳ ಮದುವೆಗೆ ಸೀರೆ ಆರಿಸುವವಳ ಹಾಗಿದ್ದಳು.

ಮುಂದಿನ ವರ್ಷ ಮೇ ಕೊನೆಗೆ ಸಸಿಗಳು ಟೆಂಪೊ ಹತ್ತಿದವು. ಹೊರಡುವಾಗ ಅಕ್ಕ ಗೇಟಿನವರೆಗೆ ಬಂದು, ನನ್ನ ಅಂಗಿ ಹಿಡಿದು ನಿಲ್ಲಿಸಿ ಹೇಳಿದಳು:

“ಲೇ ಬೋರೇಶ, ಅಲ್ಲಿ ಪಾತಿ ಮಾಡ್ಬ್ಯಾಡ. ಗದ್ದೆ ತುಂಬಿಸಿದ ಜಾಗ ಅದು, ನೀರು ಇಳಿಯಲ್ಲ. ಮಣ್ಣು ದಿಣ್ಣೆ ಮಾಡಿ ಅದರ ಮ್ಯಾಲೆ ನೆಡು. ನೆಪ್ಪೈತೇನೋ?”

“ನೆಪ್ಪೈತೆ ಬಿಡಕ್ಕ,” ಎಂದೆ.

ನೆನಪಿತ್ತು. ಅದೇ — ಮರೆತಿದ್ದರೆ ಇದನ್ನು ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ನನ್ನ ಜೊತೆ ಬಿ.ಜಿ. ಕೆರೆಯ ಕೂಲಿಯವರು ಬಂದಿದ್ದರು. ಓಬಣ್ಣ ಅವರಲ್ಲಿ ಹಿರಿಯ. ನಮ್ಮ ಕಡೆ ಗಿಡ ನೆಡುವುದು ಹೇಗೆ? ಗುಂಡಿಯನ್ನು ನೆಲಮಟ್ಟಕ್ಕಿಂತ ಕೆಳಗೆ ಬಿಟ್ಟು, ಸುತ್ತ ಮಣ್ಣಿನ ಕಟ್ಟೆ ಕಟ್ಟಿ, ತಟ್ಟೆಯಂತೆ ಪಾತಿ ಮಾಡುತ್ತೇವೆ. ಬಿದ್ದ ಒಂದು ಹನಿಯೂ ಆಚೆ ಹೋಗಬಾರದು. ಅಪರೂಪಕ್ಕೆ ಬರುವ ಮಳೆಯನ್ನು ಗಿಡದ ಬುಡದಲ್ಲೇ ಹಿಡಿದು ಕೂರಿಸುವುದನ್ನು ನಾವು ನಡೆಯಲು ಕಲಿತ ಕಾಲದಿಂದ ನೋಡಿದ್ದೇವೆ. ಅಲ್ಲಿ ಹೋಗಿ ದಿಣ್ಣೆ ಮಾಡಿ ಎಂದಾಗ ಓಬಣ್ಣ ಗುದ್ದಲಿ ಊರಿ ನನ್ನ ಮುಖ ನೋಡಿದ:

“ಏಮಯ್ಯಾ ಮೇಸ್ತ್ರಿ, ಸಮಾಧಿ ಕಟ್ಟಾಕೆ ಬಂದೀವಾ? ನೀರೆಲ್ಲಾ ಜಾರಿ ಹೋದ್ರೆ ಗಿಡ ಏನು ಕುಡೀಬೇಕು?”

ಎಲ್ಲರೂ ನಕ್ಕರು. ಅಕ್ಕ ಹೇಳಿದ್ದಾಳೆ ಎನ್ನಬಹುದಿತ್ತು. ಎನ್ನಲಿಲ್ಲ. ಅಕ್ಕನ ಸೆರಗು ಹಿಡಿದುಕೊಂಡು ಕಡಲತನಕ ಬಂದ ಮೇಸ್ತ್ರಿ ಎಂದು ಆಡಿಕೊಂಡಾರು ಎಂಬ ನಾಚಿಕೆ — ಅದರ ಜೊತೆಗೆ ನನಗೂ ಒಳಗೊಳಗೇ ಅನ್ನಿಸಿತ್ತು, ಬರುವ ನೀರನ್ನು ಬೇಡವೆಂದು ಆಚೆ ಕಳಿಸುವುದೆಂದರೆ ಬಡಿಸಿದ ಎಲೆಯನ್ನು ಕಾಲಲ್ಲಿ ತಳ್ಳಿದ ಹಾಗೆ. ಒಂದು ಮಳೆಗಾಲ ನೋಡಿ ಬಂದವಳಿಗಿಂತ ಊರೂರಲ್ಲಿ ಗುಂಡಿ ತೋಡಿದ ನನಗೆ ಹೆಚ್ಚು ಗೊತ್ತು ಎಂದುಕೊಂಡೆ. “ಪಾತಿ ಮಾಡ್ರಿ,” ಎಂದುಬಿಟ್ಟೆ. ಒಳ್ಳೆಯ ಆಳದ, ದುಂಡಗಿನ, ಕಣ್ಣಿಗೆ ಕಟ್ಟುವಂಥ ಪಾತಿಗಳು. ಊರಲ್ಲಾಗಿದ್ದರೆ ಜನ ನಿಂತು ನೋಡುತ್ತಿದ್ದರು.

ಬಾವಿಯ ಹತ್ತಿರ ಒಂದು ಸುರಹೊನ್ನೆಗೆ ಮಾತ್ರ ಪಾತಿ ಮಾಡಲಾಗಲಿಲ್ಲ. ಹೊಸ ಬಾವಿ ತೋಡಿದ ಮಣ್ಣು ಅಲ್ಲಿ ಗುಪ್ಪೆ ಬಿದ್ದಿತ್ತು, ಅದನ್ನು ಎತ್ತಿ ಹಾಕಲು ನಮಗೆ ಸೋಮಾರಿತನ. ಆ ಗುಪ್ಪೆಯ ಮೇಲೆಯೇ ನೆಟ್ಟು ಕೈ ತೊಳೆದುಕೊಂಡೆವು.

ಜೂನ್ ತಿಂಗಳು ಮಳೆ ಹಿಡಿದದ್ದು ಬಿಡಲಿಲ್ಲವಂತೆ. ಮಳೆ ಕಡಿಮೆಯಾದ ಮೇಲೆ ಛತ್ರದ ಯಜಮಾನರು ಕರೆಸಿದರು. ಪಾತಿಗಳಲ್ಲಿ ಪಾಚಿ ಬೆಳೆದಿತ್ತು, ಕಪ್ಪೆಗಳು ಸಂಸಾರ ಹೂಡಿದ್ದವು. ಸಂಪಿಗೆಯನ್ನು ಹಿಡಿದು ಎಳೆದರೆ ಬೇರು ಕಪ್ಪಾಗಿ, ಸಿಪ್ಪೆ ಕೈಗೇ ಬಂತು.

“ಎಂತ ಆಯ್ತು ಮಾರಾಯ್ರೇ? ಒಂದೂ ಉಳೀಲಿಲ್ಲ ಅಲ್ದಾ?” ಎಂದರು ಅವರು. ಬಾವಿಯ ಕಡೆ ಇಬ್ಬರೂ ತಿರುಗಿ ನೋಡಲಿಲ್ಲ.

ಆಗ ನಾನು ಆಡಿದ ಮಾತು ಇದು, ಅಕ್ಕ — ಒಂದಕ್ಷರ ಬಿಡದೆ ಬರೆಯುತ್ತೇನೆ: “ಗಿಡ ಆರಿಸಿದ್ದು ನಮ್ಮಕ್ಕ, ಸ್ವಾಮಿ. ಆಯಮ್ಮಂಗೆ ಈ ಕಡೆ ಹವಾ ಗೊತ್ತಾಗಲಿಲ್ಲ.”

ಊರಿಗೆ ಬಂದು ಇನ್ನೂ ದೊಡ್ಡದು ಮಾಡಿದೆ. ನೀನು ಕೊತ್ತಂಬರಿ ಸೋಸುತ್ತ ಕೂತಿದ್ದೆ. ದಿಣ್ಣೆ ಮಾಡಿದ್ಯಾ ಎಂದು ನೀನು ಮೊದಲು ಅದನ್ನೇ ಕೇಳಿದೆ. “ನೀನು ಹೇಳಿದಂಗೇ ಮಾಡಿದ್ದೆ ಅಕ್ಕ. ಆದ್ರೂ ಸತ್ತೋದವು,” ಎಂದೆ ನಾನು. ನೀನು ಜಗಳಕ್ಕೆ ಬರುತ್ತೀಯ, ಅಡ್ಡ ಪ್ರಶ್ನೆ ಹಾಕುತ್ತೀಯ, ನಾನು ತಬ್ಬಿಬ್ಬಾಗಿ ನಿಜ ಒದರುತ್ತೇನೆ ಎಂದು — ದೇವರಾಣೆ, ಅದಕ್ಕೆ ತಯಾರಾಗಿಯೇ ಬಂದಿದ್ದೆ. ನೀನು ಕೇಳಲೇ ಇಲ್ಲ. ಕೊತ್ತಂಬರಿ ಕಟ್ಟನ್ನು ಮೊರಕ್ಕೆ ಹಾಕಿ, “ಹಂಗಾದ್ರೆ ನನ್ ಕಣ್ಣೇ ತಪ್ಪು ಬಿಡು,” ಎಂದೆ.

ತಮ್ಮ ಸುಳ್ಳು ಹೇಳಿರಬಹುದು ಎಂಬ ಯೋಚನೆಯೇ ನಿನಗೆ ಬರಲಿಲ್ಲ. ಅದು ನನ್ನನ್ನು ಇವತ್ತಿಗೂ ತಿನ್ನುತ್ತದೆ.

ಅವತ್ತಿನಿಂದ ನರ್ಸರಿಯಲ್ಲಿ ಜಗಳ ನಿಂತಿತು. ಜಟಿಂಗ ರಾಮೇಶ್ವರದ ಬೆಟ್ಟ ಹತ್ತಿ ಬೀಜ ಆಯ್ದು ತರುತ್ತಿದ್ದವಳು ಈಗ ಕರಿಬೇವು, ನಿಂಬೆ, ಸೇವಂತಿಗೆ ಅಗೆ ಇಟ್ಟುಕೊಂಡು ಕೂತಿದ್ದೀಯ. ಯಾರಾದರೂ ಮರದ ಸಸಿ ಕೇಳಿದರೆ ತಲೆ ಎತ್ತದೆ, “ಯಾವ್ದು ಬೇಕೋ ತಗಂಡೋಗ್ರಿ,” ಎನ್ನುತ್ತೀಯ. ಗಿರಾಕಿಗಳಿಗೆ ಖುಷಿ. ತಿಪ್ಪಮ್ಮ ಈಗ ಸಾಧುವಾಗಿದ್ದಾಳೆ ಎನ್ನುತ್ತಾರೆ. ಭಾವ ಮಾತ್ರ ಒಮ್ಮೆ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು, “ನಿಮ್ಮಕ್ಕ ಬೈದು ಎಷ್ಟು ದಿನ ಆತು ಗೊತ್ತಾ?” ನಾನು ಬೀಡಿ ಹಚ್ಚಿಕೊಂಡು ಬೇರೆ ಮಾತು ತೆಗೆದೆ.

ಈ ವರ್ಷ ಆ ಛತ್ರದ ಯಜಮಾನರ ಸೊಸೆ ಫೋನು ಮಾಡಿದರು. “ಬಾವಿ ಹತ್ರದ ಮರ ಎಂತ ಚಂದ ಉಂಟು ಮಾರಾಯ್ರೇ! ಅದೇ ಜಾತಿದು ಇನ್ನೂ ಬೇಕಿತ್ತು. ಯಾರು ಆರಿಸಿ ಕೊಟ್ಟದ್ದು ಅದನ್ನ?”

ಹೋಗಿ ನೋಡಿದೆ, ಅಕ್ಕ. ಗುಪ್ಪೆಯ ಮೇಲೆ ನೆಟ್ಟ ಆ ಸುರಹೊನ್ನೆ ಛತ್ರದ ಮಾಡು ಮುಟ್ಟಿದೆ. ಎಣ್ಣೆ ಹಚ್ಚಿದಂಥ ಎಲೆ. ಒಂದು ಕೊಂಬೆ ಮುರಿದಿಲ್ಲ, ಒಂದು ಎಲೆಗೆ ಚುಕ್ಕೆ ಬಿದ್ದಿಲ್ಲ. ನೆಲದ ಮೇಲೆಲ್ಲ ಬಿಳಿ ಹೂ, ಒಳಗೆ ಹಳದಿ ಕೇಸರ. ಮದುವೆಗೆ ಬಂದವರು ಕುರ್ಚಿಗಳನ್ನು ಎಳೆದುಕೊಂಡು ಅದರ ಬುಡದಲ್ಲೇ ಕೂತಿದ್ದರು, ಒಂದು ಮಗು ಹೂವನ್ನು ಲಂಗದಲ್ಲಿ ಕಟ್ಟಿಕೊಳ್ಳುತ್ತಿತ್ತು. ನೀನು ಹೇಗೆಂದಿದ್ದೆಯೋ ಹಾಗೇ ಇತ್ತು ಎಲ್ಲ. ನೀನು ಮಾತ್ರ ಇರಲಿಲ್ಲ. ನನಗೆ ಅಳು ಬಂತು, ಮುಖ ತೊಳೆಯುವ ನೆಪದಲ್ಲಿ ಬಾವಿಯ ಕಡೆ ಹೋದೆ. ಯಾರು ಆರಿಸಿದ್ದು ಎಂದು ಆಕೆ ಮತ್ತೆ ಕೇಳಿದಾಗ ನಮ್ಮಕ್ಕ ಎಂದೆ. ಉಳಿದ ಗಿಡಗಳು ಯಾಕೆ ಸತ್ತವೆಂದೂ ಆಕೆಗೆ ಮತ್ತು ಅವರ ಮಾವನವರಿಗೆ ಹೇಳಿ ಬಂದೆ. ಹೇಳಬೇಕಾದವಳಿಗೆ ಹೇಳುವ ಮೊದಲು ಪರರಿಗೆ ಹೇಳಿದೆ — ಅದರಲ್ಲೂ ನಾನು ಹೇಡಿಯೇ.

ಬುಡದಲ್ಲಿ ಬಿದ್ದಿದ್ದ ಕಾಯಿಗಳನ್ನು ಚೀಲಕ್ಕೆ ಹಾಕಿಕೊಂಡು ನೇರ ನಿನ್ನ ಗೇಟಿಗೆ ಬಂದೆ. “ಏನ್ಲೇ ಅದು ಚೀಲದಾಗೆ?” ಎಂದೆ ನೀನು. “ಏನಿಲ್ಲ, ಹುಡುಗರಿಗೆ ಗೋಲಿ,” ಎಂದೆ. ಮತ್ತೊಂದು ಸುಳ್ಳು! ಅಭ್ಯಾಸವಾಗಿಬಿಟ್ಟಿದೆ ನನಗೆ.

ಆ ಚೀಲ ಈಗ ನನ್ನ ಪಕ್ಕದಲ್ಲೇ ಇದೆ. ನಾಳೆ ಭಾವನೂ ಇರುವಾಗ ಬಂದು ಅದನ್ನು ನಿನ್ನ ಮುಂದೆ ಸುರಿಯುತ್ತೇನೆ, ಇಲ್ಲಿ ಬರೆದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ, ಆ ಮುಖ ನನಗಿಲ್ಲ. ಆ ಅಂಗಳಕ್ಕೆ ಏನು ನೆಡಬೇಕೆಂದು ಮತ್ತೆ ನೀನೇ ಹೇಳಬೇಕು ಎಂದಷ್ಟೇ ಕೇಳುತ್ತೇನೆ.

ನೀನು ಪೊರಕೆ ತಗೊಂಡು ಬಂದರೆ ಬೆನ್ನು ಕೊಡುತ್ತೇನೆ. ರಸ್ತೆಯವರೆಲ್ಲ ಕೇಳುವ ಹಾಗೆ ಬೈದರೆ ನಿಂತು ಕೇಳುತ್ತೇನೆ, ಅದಕ್ಕಿಂತ ಬೇರೆ ಸುಖ ನನಗೆ ಬೇಕಿಲ್ಲ. ಆದರೆ ಅಕ್ಕ, ಎಲ್ಲ ಕೇಳಿಯೂ ನೀನು ತಲೆ ಎತ್ತದೆ, “ಯಾವ್ದು ಬೇಕೋ ತಗಂಡೋಗು,” ಎಂದುಬಿಟ್ಟರೆ —