ಸಪ್ಪಳದ ಡಬ್ಬಿ

ನಮ್ಮಪ್ಪ ಬಸ್ ಡ್ರೈವರ್. ರಾಮದುರ್ಗದಿಂದ ಬೈಲಹೊಂಗಲಕ್ಕ ಹೋಗೂದು, ಬರೂದು, ಅವನ ಜೀವನ ಅಷ್ಟ. ರಿಟೈರ್ ಆಗಿ ಮನ್ಯಾಗ ಕುಂತ ದಿನದಿಂದ ಅವನಿಗೆ ನಿದ್ದಿ ಅನ್ನೂದ ಹೋತು. ಡಾಕ್ಟರ್ ಗುಳಿಗಿ ಕೊಟ್ರು, ಅವ್ವ ಅಂಗಾಲಿಗೆ ಎಣ್ಣಿ ತಿಕ್ಕಿದ್ಲು, ಗಸಗಸಿ ಪಾಯಸ ಮಾಡಿದ್ಲು. ಊಹೂಂ. ಕೆಂಪಗಿನ ಕಣ್ಣು ತಕ್ಕೊಂಡು ಪಡಸಾಲ್ಯಾಗ ಹೊರಸಿನ ಮ್ಯಾಲ ಹೊರಳಾಡತಿದ್ದ. ‘ಹಿಂಗಾದ್ರ ಮನಶ್ಯಾ ಉಳೀತಾನೇನೋ ತಮ್ಮಾ?’ ಅಂತ ಅವ್ವ ಒಲಿ ಮುಂದ ಕುಂತು ಕೇಳತಿದ್ಲು. ನನಗೂ ಹೆದರಿಕಿ ಹೊಕ್ಕಿತ್ತು.

ಅಂಥಾದ್ರಾಗ ನನಗ ಕಂಪ್ಯೂಟರಿನ ಹುಚ್ಚು. ಎರಡು ಸಾವಿರದ ಇಸವಿ ದಾಟಿ ತುಸು ವರ್ಷ ಆಗಿತ್ತು. ಒಂದೊಂದ ಸಾಮಾನು ತಂದು ಅವ್ವನ ಹಳೇ ಸೀರಿಯೊಳಗ ಸುತ್ತಿ ಟ್ರಂಕಿನ್ಯಾಗ ಇಟ್ಟಿದ್ದೆ. ಅವನ್ನೆಲ್ಲಾ ಕೂಡಿಸೋ ತಗಡಿನ ಡಬ್ಬಿ, ಅಂದ್ರ ಕ್ಯಾಬಿನೆಟ್ಟು, ಅದೊಂದು ಉಳಿದಿತ್ತು. ಕರೆಂಟ್ ಕೊಡೋ ಪವರ್ ಸಪ್ಲೈ ಅದರ ಜೋಡೀನ ಬರತಿತ್ತು, ಹಿಂಗಾಗಿ ಅದಿಲ್ಲದ ಯಾವುದೂ ಚಾಲೂ ಆಗಂಗಿಲ್ಲ. ಇಡಾಕ ಜಾಗ ಅಂದ್ರ ಪಡಸಾಲಿ ಒಂದ, ಅಪ್ಪನ ಹೊರಸಿನ ತಲಿ ಹತ್ರ. ಅದಕ್ಕ ಮನಸಿನ್ಯಾಗ ಗಟ್ಟಿ ಮಾಡ್ಕೊಂಡಿದ್ದೆ: ಪಿಟ್ ಅನಬಾರದು, ಅಂಥಾ ಡಬ್ಬಿನ ತರಬೇಕು.

ಬೈಲಹೊಂಗಲದ ಅಂಗಡಿಯಾತ ಎರಡು ತಗದು ಮುಂದಿಟ್ಟ. ಒಂದು ದಪ್ಪ ತಗಡಿಂದು, ಕೆಳಗ ರಬ್ಬರಿನ ಕಾಲು, ಮುಂದ ಸಣ್ಣ ನೀಲಿ ದೀಪ. ಅದನ್ನ ನೋಡಿದ ಕೂಡ್ಲೇ ನನ್ನ ಜೀವ ಅದರ ಮ್ಯಾಲ ಹೋತು. ಇನ್ನೊಂದು ಸೋವಿದು, ಕಡಿಮಿ ರೊಕ್ಕದ್ದು. ತಗಡು ತೆಳ್ಳಗ, ಬಡಿದ್ರ ಡಬ್ ಡಬ್ ಅಂತಿತ್ತು. ಒಳಗ ಕೈ ಹಾಕಿ ನೋಡೂದ್ರಾಗ ಅಂಚು ತಾಗಿ ಬೆರಳು ಕೊರೀತು.

‘ಎರಡೂ ಒಯ್ಯಿರಿ ತಮ್ಮಾರ,’ ಅಂದ ಅಂಗಡಿಯಾತ. ‘ಸಂತ್ಯಾಗ ಎತ್ತು ಹಿಡದ್ರ ಮನೀಗೊಯ್ದು ಹೂಡಿ ನೋಡಂಗಿಲ್ಲೇನು? ನೊಗಕ್ಕ ಹೊಂದಿದ್ದು ಇಟ್ಕೋರಿ, ಹೊಂದದ್ದು ತಿರುಗಿ ತಂದು ಕಟ್ರಿ.’

ಎರಡು ಡಬ್ಬಿ ತಬ್ಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ಅಪ್ಪನ ಜೋಡಿ ದುಡದಾವ. ಟಿಕೆಟ್ ಹರೀಕೋಂತ ಕೇಳಿದ, ‘ಡ್ರೈವರ್ ಸಾಹೇಬ್ರಿಗೆ ನಿದ್ದಿ ಹತ್ತತೈತೇನಪಾ?’ ಇಲ್ಲಂತ ತಲಿ ಅಳ್ಳಾಡಿಸಿದೆ. ಅವ ಲೊಚಗುಟ್ಟಿ ಮುಂದಕ ಹೋದ. ಕಿಡಕಿ ಹೊರಗ ಎರಿಹೊಲ, ಬಿಸಲು, ಹತ್ತಿ ಅರಳಿ ತುಂಬಿದ ಲಾರಿ. ಎಲ್ಲಾ ತೇಲ್ಕೋಂತ ಹಿಂದಕ ಹೊಂಟಿತ್ತು.

ಮೊದಲ ದಿನ ದಪ್ಪ ತಗಡಿಂದು ಹೂಡಿದೆ. ಮಧ್ಯಾಹ್ನ ಅಪ್ಪ ಊಟ ಮಾಡಿ ಅಡ್ಡಾದ. ಸ್ವಿಚ್ ಒತ್ತಿದೆ. ಎಂಥಾ ಡಬ್ಬಿ ಅಂತೀರಿ! ಉಸರಾಡತೈತೋ ಇಲ್ಲೋ ಗೊತ್ತಾಗಲಿಲ್ಲ. ನೀಲಿ ಬೆಳಕು ಗ್ವಾಡಿ ಮ್ಯಾಲ ನೀರಿನ್ಹಾಂಗ ಬಿದ್ದಿತ್ತು. ನಾ ಅದನ್ನ ನೋಡ್ಕೋಂತ ಯಾವುದೋ ಲೋಕಕ್ಕ ಹೋಗಿದ್ದೆ. ಅಪ್ಪ ಮಾತ್ರ ಜಂತಿ ಎಣಿಸ್ಕೋಂತ ಮಲಗಿದ್ದ.

ಮರುದಿನ ಅಪ್ಪ ಮಧ್ಯಾಹ್ನ ಅಡ್ಡಾದ ಮ್ಯಾಲ ಸೋವಿದು. ತಿರುಗಿ ಕೊಡೂದಂತೂ ಕೊಡತೇನಿ, ನೋಡಿ ಕೊಡೋಣ ಅಂತ ಸಾಮಾನೆಲ್ಲಾ ಅದರಾಗ ಕೂಡಿಸಿ ಚಾಲೂ ಮಾಡಿದೆ. ಅಬಬಬಾ! ಫ್ಯಾನು ಗುಂಯ್ ಅಂದಿದ್ದ ತಡ, ತಗಡು ಗಡಗಡ ನಡುಗಿ, ನೆಲದ ಕಲ್ಲಿಗೂ ಆ ನಡುಕ ಇಳೀತು. ಒಲಿ ಮ್ಯಾಲಿನ ಕೆಲಸ ಬಿಟ್ಟು ಅವ್ವ ಓಡಿ ಬಂದ್ಲು. ‘ಬಂದ್ ಮಾಡೋ ಮೂಳಾ, ಮೊದಲ ಅವ…’ ಅಂದಾಕಿ ಅಲ್ಲೇ ನಿಂತ್ಲು.

ಅಪ್ಪನ ಕಣ್ಣು ಮುಚ್ಚಿದ್ದುವು. ಬಾಯಿ ತುಸು ತೆರದಿತ್ತು. ಎಡಗಾಲು ಕ್ಲಚ್ ತುಳದಂಗ ಮೆಲ್ಲಕ ಒತ್ತಿ, ಮೆಲ್ಲಕ ಬಿಡತಿತ್ತು. ‘ಸಾಲಹಳ್ಳಿ…’ ಅಂದ. ಎಷ್ಟೋ ಹೊತ್ತಿನ ಮ್ಯಾಲ, ‘ಕಟಕೋಳದವ್ರು ಇಳೀರಿ’ ಅಂದ.

ಅವ್ವ ಬಾಯಿಗೆ ಸೆರಗು ಒತ್ಕೊಂಡು ಬಾಗಲದಾಗ ಕುಂತಬಿಟ್ಲು. ನಗಾಕ ಹತ್ತಿದ್ಲೋ ಅಳಾಕ ಹತ್ತಿದ್ಲೋ ನನಗ ತಿಳೀಲಿಲ್ಲ. ನೀಲಿ ದೀಪದ ಆಸೆ ಅಲ್ಲೇ ಬಿಟ್ಟೆ. ಆ ಮಧ್ಯಾಹ್ನದಾಗ ಇಡೀ ಮನಿ ಗುಂಯ್ ಅಂತ ಎಲ್ಲಿಗೋ ಹೊಂಟಿತ್ತು, ಅದರಾಗ ನಾವು ಮೂವರೂ ಕುಂತಿದ್ವಿ.

ಅಷ್ಟ್ರಾಗ ಕರೆಂಟ್ ಹೋತು.

ಡಬ್ಬಿ ಗಪ್ಪಾತು. ಅಪ್ಪನ ಹುಬ್ಬು ಗಂಟಾದ್ವು. ಕಣ್ಣು ಇನ್ನೂ ತೆರದಿದ್ದಿಲ್ಲ, ಆದ್ರ ರೆಪ್ಪಿ ಅದುರಾಕ ಹತ್ತಿದ್ವು. ಹೋತಲ್ಲಪಾ ಸಿಕ್ಕ ನಿದ್ದಿ ಅಂದ್ಕೊಂಡೆ.

‘ಗಾಡಿ ಬಂದ್ ಬಿತ್ತು,’ ಅಂದ ಅಪ್ಪ ನಿದ್ದ್ಯಾಗ. ‘ಇಳೀರಿ ಎಲ್ಲಾರೂ. ಒಂದೀಟು ನೂಕ್ರಿ.’

ಅವ್ವ ನನ್ನ ಮಾರಿ ನೋಡಿದ್ಲು. ಎದ್ದು ಸೆರಗು ಟೊಂಕಕ್ಕ ಸಿಗಿಸಿ, ಹೊರಸಿನ ಒಂದು ಕಾಲು ಹಿಡಿದ್ಲು. ನಾ ಇನ್ನೊಂದು ಹಿಡಿದೆ. ನೂಕಿದ್ವಿ. ಹೊರಸು ಕಲ್ಲಿನ ಮ್ಯಾಲ ಗರ್ರ್ ಅಂತ ಸರೀತು. ಮತ್ತ ನೂಕಿದ್ವಿ.

ಅಪ್ಪನ ಹುಬ್ಬು ಸಡಲಾದ್ವು. ‘ಹಾಂ… ಹೊಂಟಿತು,’ ಅಂದ. ‘ಹತ್ರಿ, ಹತ್ರಿ.’

ಅವ್ವ ಹತ್ತಿ ಅವನ ಕಾಲ ಕಡೆ ಕುಂತ್ಲು. ಗ್ವಾಡಿ ತನಕ ನೂಕೂದು, ತಿರುಗಿ ಜಗ್ಗೂದು, ಕರೆಂಟ್ ಬರೂ ಮಟಾ ನಾ ಒಬ್ಬನ ಆ ಗಾಡಿ ನಿಲ್ಲಗೊಡಲಿಲ್ಲ.